ಮರಳಲ್ಲಿ ಯಾರೂ ಇರಲಿಲ್ಲವಂತೆ

ನನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ಹೇಳುವುದಕ್ಕೆ ಬಾಯಿ ಬರುತ್ತಿರಲಿಲ್ಲ. ಕದಿಯುವ ಕೆಲಸವಲ್ಲ. ಮೈ ಮಾರುವ ಕೆಲಸವಲ್ಲ. ಮರಳು ಬಾಚುವ ಕೆಲಸ. ತಲೆ ಬಾಚುತ್ತಾರಲ್ಲ, ಹಾಗೆ.

ನಮ್ಮ ಗುಡಿಸಲುಗಳಿಗೂ ಕಡಲಿಗೂ ನಡುವೆ ಎರಡು ಮೈಲಿ ಮರಳ ದಿಣ್ಣೆ. ಮುಂಚೆ ಅದು ಯಾರದ್ದೂ ಆಗಿರಲಿಲ್ಲ, ಅಂದರೆ ನಮ್ಮದಾಗಿತ್ತು. ದಿಣ್ಣೆ ಹತ್ತಿ ಇಳಿದು ದಂಡೆಗೆ ಹೋಗುತ್ತಿದ್ದೆವು. ಚಿಪ್ಪು ಆರಿಸಿ ಬುಟ್ಟಿ ತುಂಬಿಕೊಂಡು ಬರುತ್ತಿದ್ದೆವು. ಆಮೇಲೆ ಕಂಪನಿ ಬಂತು. ತಂತಿ ಬೇಲಿ ಬಂತು. ಗೇಟು ಬಂತು. ರಜೆ ಕಳೆಯಲು ಬಂದವರನ್ನು ಜೀಪಿನಲ್ಲಿ ಕೂರಿಸಿ, ದಿಣ್ಣೆಯ ನೆತ್ತಿಯಿಂದ ಹಾರಿಸಿ, ಕೊನೆಗೆ ದಂಡೆಯ ಒದ್ದೆ ಮರಳಲ್ಲಿ ನೀರು ಚಿಮ್ಮಿಸುತ್ತ ಓಡಿಸುವುದು ಅವರ ವ್ಯಾಪಾರ. ದಿನಕ್ಕೆ ನಾಲ್ಕು ತಂಡ. ತಂಡಕ್ಕೆ ಆರು ಜೀಪು.

ಬಂದವರಿಗೆ ಮರಳು ಹೊಸದಾಗಿ ಕಾಣಬೇಕು. ಹಿಂದಿನ ತಂಡದ ಚಕ್ರದ ಗುರುತು ಕಂಡರೆ ಅವರಿಗೆ ಬೇಜಾರಂತೆ. ತಾವೇ ಮೊದಲು ಬಂದವರು ಅನ್ನಿಸಬೇಕಂತೆ. ಅದಕ್ಕೆ ನಾವು. ದಂಡೆಗೆ ಹೋಗುವ ದಾರಿ ಕಳೆದುಕೊಂಡ ಹನ್ನೊಂದು ಜನ ಹೆಂಗಸರು. ಕೈಗೆ ಆಳುದ್ದದ ಹಿಡಿಯಿರುವ, ಅಗಲ ಹಲ್ಲಿನ ಗೋರೆ.

ಬಾಚುವುದು ಹಿಮ್ಮುಖವಾಗಿ. ಮುಂದಕ್ಕೆ ನಡೆದರೆ ನಮ್ಮ ಹೆಜ್ಜೆಯೇ ಉಳಿದುಬಿಡುತ್ತದೆ. ಹಿಂದೆ ಹಿಂದೆ ಹೋಗಬೇಕು, ಗೋರೆ ಎಳೆಯಬೇಕು, ನಮ್ಮ ಕಾಲ ಗುರುತನ್ನು ನಾವೇ ಅಳಿಸಿಕೊಳ್ಳುತ್ತ ಹೋಗಬೇಕು. ದಿಣ್ಣೆಯ ಏರಿನಲ್ಲಿ ಹಿಮ್ಮುಖವಾಗಿ ಹತ್ತಿ ನೋಡಿ. ಹಿಮ್ಮಡಿ ಹೂತುಹೋಗುತ್ತದೆ. ಮೀನಖಂಡ ಕಲ್ಲಾಗುತ್ತದೆ. ಸೊಂಟದ ಕೆಳಗೆ ಯಾರೋ ಮೊಳೆ ಹೊಡೆದ ಹಾಗೆ. ಒಂಬತ್ತು ಗಂಟೆಯ ಮೇಲೆ ಮರಳು ಬೆಂಕಿ. ಕಂಪನಿಯವರು ಕೊಟ್ಟ ಬಟ್ಟೆ ತೊಡಬೇಕು. ಉದ್ದನೆಯ ನಿಲುವಂಗಿ, ತಲೆಗೊಂದು ವಸ್ತ್ರ. ಎರಡೂ ಮರಳಿನದೇ ಬಣ್ಣ. ಮೊದಲ ದಿನ ಅದನ್ನು ತೊಟ್ಟಾಗ ನನ್ನ ನಾದಿನಿ ನಕ್ಕಿದ್ದಳು. "ಅತ್ತಿಗೆ, ನೀನು ಎಲ್ಲಿದ್ದೀಯಾ? ಕಾಣ್ತಾನೇ ಇಲ್ಲ!" ಅಂದಿದ್ದಳು.

ಕಾಣಬಾರದು ಅಂತಲೇ ಆ ಬಟ್ಟೆ.

ಮೇಸ್ತ್ರಿಯ ಕುತ್ತಿಗೆಯಲ್ಲಿ ಒಂದು ಸೀಟಿ ಇರುತ್ತಿತ್ತು. ಒಂದು ಸಲ ಊದಿದರೆ ಮಲಗು. ಎರಡು ಸಲ ಊದಿದರೆ ಏಳು. ಜೀಪು ಬರುವ ಹೊತ್ತಿಗೆ ನಾವು ದಿಣ್ಣೆಯ ಆಚೆ ಮಗ್ಗುಲಲ್ಲಿ, ಮುಖ ಕೆಳಗೆ ಹಾಕಿ, ಗೋರೆಯನ್ನು ಹೊಟ್ಟೆಯಡಿ ಇಟ್ಟುಕೊಂಡು ಮಲಗಬೇಕು. ಉಸಿರು ಬಿಟ್ಟರೆ ಮರಳು ಮೂಗಿಗೆ. ಈಚೆ ಮಗ್ಗುಲಲ್ಲಿ ಜೀಪು ನಿಲ್ಲುತ್ತದೆ. ಜನ ಇಳಿಯುತ್ತಾರೆ. ಫೋಟೋ ತೆಗೆಯುತ್ತಾರೆ. ಆಗ ಡ್ರೈವರು ಹೇಳುವ ಮಾತು ನಮಗೆ ಬಾಯಿಪಾಠವಾಗಿತ್ತು: "ನೋಡಿ, ಕಣ್ಣು ಹಾಯಿಸಿದಷ್ಟು ದೂರ ಒಂದು ನರಪಿಳ್ಳೆ ಇಲ್ಲ. ಇಲ್ಲಿ ನಿಮಗಿಂತ ಮುಂಚೆ ಯಾರ ಕಾಲೂ ಬಿದ್ದಿಲ್ಲ."

ಹನ್ನೊಂದು ನರಪಿಳ್ಳೆಗಳು ಮೂಗಿಗೆ ಮರಳು ತುಂಬಿಕೊಂಡು ಆ ಮಾತು ಕೇಳುತ್ತಿದ್ದೆವು.

ಒಂದು ದಿನ ಒಬ್ಬ ಗಂಡಸು ಜೀಪಿಳಿದು ನಮ್ಮ ಮಗ್ಗುಲಿಗೆ ಬಂದ. ಉಚ್ಚೆ ಹೊಯ್ಯಲು. ಹೊಯ್ದ. ಅದು ನಾದಿನಿಯ ಕಾಲಿನ ಮೇಲೆ ಬಿತ್ತು. ಅವಳು ಅಲುಗಾಡಲಿಲ್ಲ. ಅವನಿಗೆ ಗೊತ್ತೂ ಆಗಲಿಲ್ಲ. ಎರಡು ಸೀಟಿ ಬಿದ್ದ ಮೇಲೆ ಎದ್ದು, ಮರಳಲ್ಲಿ ಕಾಲು ಉಜ್ಜಿಕೊಂಡು, "ಮರುಭೂಮಿಗೂ ಮಳೆ ಬಂತು ಕಣ್ರೇ" ಅಂದಳು. ನಾವೆಲ್ಲ ನಕ್ಕೆವು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅವಳು ಮಾತ್ರ ಆ ಸಂಜೆ ಮನೆಗೆ ಬಂದು ಕಾಲನ್ನು ಚರ್ಮ ಕೆಂಪಾಗುವವರೆಗೂ ತಿಕ್ಕಿದಳು. ಇದ್ದ ಸೋಪನ್ನೆಲ್ಲ ಕರಗಿಸಿಬಿಟ್ಟಳು. ನಾನು ಬೈದೆ. ಸೋಪು ಏನು ನಿಮ್ಮಪ್ಪ ತಂದಿಟ್ಟಿದ್ದಾನಾ ಅಂದೆ. ಅವಳೂ ಬಿಡಲಿಲ್ಲ. ನಮ್ಮಿಬ್ಬರಿಗೂ ಹಾಗೇ, ಹಾವು ಮುಂಗುಸಿ. ಗಂಡ ಬಿಟ್ಟುಹೋದ ಮೇಲೆ ಆರು ವರ್ಷದ ಮಗಳನ್ನು ಕಟ್ಟಿಕೊಂಡು ಅಣ್ಣನ ಮನೆಗೆ ಬಂದಿದ್ದಳು. ಅಣ್ಣ, ಅಂದರೆ ನನ್ನ ಗಂಡ, ಪೇಟೆಯ ಐಸ್ ಕಾರ್ಖಾನೆಯಲ್ಲಿ ಗಡ್ಡೆ ಹೊರುವವನು. ಒಂದೇ ಕೋಣೆ, ಒಂದೇ ಒಲೆ, ಒಂದೇ ಸೋಪು. ಆ ಸಂಜೆಯಿಂದ ಎರಡು ದಿನ ನಾವಿಬ್ಬರೂ ಮಾತು ಬಿಟ್ಟಿದ್ದೆವು.

ಮೂರನೆಯ ದಿನ ಅದು ಆಯಿತು.

ಎಂಟು ಗಂಟೆಯ ತಂಡ. ಒಂದು ಸೀಟಿ ಬಿತ್ತು. ದೊಡ್ಡ ದಿಣ್ಣೆಯ ಹಿಂದೆ ಮಲಗಿದೆವು. ನಾದಿನಿ ನನ್ನಿಂದ ಹತ್ತು ಮಾರು ದೂರ. ಜಗಳವಾಗಿತ್ತಲ್ಲ, ಇಲ್ಲದಿದ್ದರೆ ಪಕ್ಕದಲ್ಲೇ ಮಲಗುತ್ತಿದ್ದಳು. ಜೀಪುಗಳು ಬಂದವು, ನಿಂತವು, ಹೋದವು. ಸದ್ದು ದಂಡೆಯ ಕಡೆ ಇಳಿಯಿತು. ಎರಡು ಸೀಟಿ ಬೀಳಬೇಕಾಗಿತ್ತು. ಬೀಳಲಿಲ್ಲ.

ಸದ್ದು ತಿರುಗಿತು. ಒಂದು ಜೀಪು ವಾಪಸ್ ಬರುತ್ತಿತ್ತು. ನನಗೆ ಆಮೇಲೆ ಗೊತ್ತಾಯಿತು. ಅದರಲ್ಲಿದ್ದವರು ಇನ್ನೊಂದು ಸಲ ಹಾರಿಸು ಅಂದರಂತೆ. ಡ್ರೈವರು ರೇಡಿಯೋದಲ್ಲಿ ಮ್ಯಾನೇಜರನ್ನು ಕೇಳಿದನಂತೆ, ಆ ಕಡೆ ಬಾಚುವವರಿದ್ದಾರೆ ಅಂದನಂತೆ. "ಅವರು ಎದ್ದು ಹೋಗಿರ್ತಾರೆ. ಹಾರಿಸು, ಖುಷಿ ಪಡಲಿ" ಅಂದನಂತೆ ಮ್ಯಾನೇಜರು.

ನೆಲ ಅದುರಿದ್ದು ನನ್ನ ಎದೆಗೆ ಗೊತ್ತಾಯಿತು. ಹತ್ತಿರ ಬರುತ್ತಿದೆ ಅಂತಲೂ ಗೊತ್ತಾಯಿತು. ಏಳಬೇಕಾಗಿತ್ತು. ಎಲ್ಲರೂ ಏಳಬೇಕಾಗಿತ್ತು. ಒಬ್ಬಳೂ ಏಳಲಿಲ್ಲ. ಎರಡು ಸೀಟಿ ಬಿದ್ದಿರಲಿಲ್ಲವಲ್ಲ! ಒಂದೂವರೆ ವರ್ಷ ನಮ್ಮ ಮೈಗೆ ಕಲಿಸಿದ್ದು ಅದೊಂದೇ. ನಾನು ಮುಖವನ್ನಷ್ಟೇ ಪಕ್ಕಕ್ಕೆ ತಿರುಗಿಸಿದೆ. ಜೀಪು ದಿಣ್ಣೆಯ ಪಕ್ಕೆಯನ್ನು ಸೀಳಿಕೊಂಡು ಮೇಲೆದ್ದಿತು. ನಾದಿನಿ ಅದರ ದಾರಿಯಲ್ಲಿದ್ದಳು. ಮುಂದಿನ ಚಕ್ರ ಅವಳ ಸೊಂಟ ಹತ್ತಿ ಇಳಿಯಿತು. ಹಿಂದಿನದೂ ಅಲ್ಲೇ ಹತ್ತಿ ಇಳಿಯಿತು.

ಅವಳು ಕೂಗಲಿಲ್ಲ. ಗೋರೆಯ ಹಿಡಿ ಮುರಿದ ಸದ್ದು ಮಾತ್ರ ಕೇಳಿತು.

ಜೀಪು ಕೆಳಗೆ ಹೋಗಿ ನಿಂತಿತು. ಒಳಗಿದ್ದವರು ಇನ್ನೂ ನಗುತ್ತಿದ್ದರು. ಡ್ರೈವರು ಇಳಿದು ಮೇಲಕ್ಕೆ ಓಡಿಬಂದ. ಬೇರೆ ಯಾರೂ ಅಲ್ಲ, ನಮ್ಮ ಓಣಿಯ ಹುಡುಗ. ಚಿಕ್ಕಂದಿನಲ್ಲಿ ಊಟದ ತಟ್ಟೆಯನ್ನೇ ಹಿಡಿದು ತಿರುಗಿಸುತ್ತ ಬೀದಿಯೆಲ್ಲ ಓಡುತ್ತಿದ್ದ, ಅದಕ್ಕೆ ಅವನನ್ನು ಎಲ್ಲರೂ ಸ್ಟೇರಿಂಗು ಅಂತಲೇ ಕರೆಯುವುದು. ಈಗ ಇಪ್ಪತ್ತೈದಾಗಿರಬಹುದು. ನಾದಿನಿಯನ್ನು ನೋಡಿದ. ಮಂಡಿ ಕುಸಿದು ಕೂತ. "ಅಕ್ಕಾ, ಅಕ್ಕಾ" ಅಂದ. ಆಮೇಲೆ ಸುತ್ತ ನೋಡಿದ. ಬಾಚುವವರ ಸಾಲಿನಲ್ಲಿ ಅವನ ತಾಯಿ ನಿಂತಿದ್ದಳು. ನಾವೆಲ್ಲ ದೊಡ್ಡಮ್ಮ ಅಂತ ಕರೆಯುವವಳು. ಅವಳೂ ನಮ್ಮ ಹಾಗೇ ಮರಳಿನ ಬಣ್ಣದ ಬಟ್ಟೆ ತೊಟ್ಟು, ಗೋರೆ ಹಿಡಿದು ನಿಂತಿದ್ದಳು. ಮುಖಕ್ಕೆಲ್ಲ ಮರಳು ಮೆತ್ತಿತ್ತು. ತಾಯಿ ಮಗ ಒಬ್ಬರನ್ನೊಬ್ಬರು ನೋಡಿದರು.

ಮೇಸ್ತ್ರಿ ಓಡಿಬಂದ. ಮೊದಲು ಓಡಿದ್ದು ಜೀಪಿನ ಹತ್ತಿರ. ಅಲ್ಲಿದ್ದವರಿಗೆ ಕೈಮುಗಿದು ಏನೋ ಹೇಳಿದ. ನನಗೆ ಕೇಳಿದ್ದು ಇಷ್ಟು: "ಏನಿಲ್ಲ ಸಾರ್, ಒಂದು ಪ್ರಾಣಿ ಅಡ್ಡ ಬಂತು."

"ಸತ್ತುಹೋಯ್ತಾ ಪಾಪ?" ಅಂತ ಒಂದು ಹೆಣ್ಣು ದನಿ ಕೇಳಿತು.

"ಇಲ್ಲ ಮೇಡಂ, ಓಡಿಹೋಯ್ತು."

ಬೇರೆ ಡ್ರೈವರು ಬಂದು ಅವರನ್ನು ದಂಡೆಗೆ ಕರೆದುಕೊಂಡು ಹೋದ. ನೀರು ಚಿಮ್ಮಿಸುವುದು ಬಾಕಿ ಇತ್ತು.

ನಾದಿನಿಗೆ ಪ್ರಜ್ಞೆ ಇತ್ತು. ಸೊಂಟದ ಕೆಳಗೆ ಅವಳು ಅವಳಾಗಿ ಉಳಿದಿರಲಿಲ್ಲ. ಗೋರೆಗಳನ್ನು ತರುವ ಲಾರಿ ತರಿಸಿದರು. ಜೀಪಿನಲ್ಲಿ ಹಾಕಿಕೊಂಡು ಹೋಗಿ ಅಂದರೆ ಸೀಟು ಹಾಳಾಗುತ್ತದೆ ಅಂದ ಮೇಸ್ತ್ರಿ. ಬಾಯಿ ತಪ್ಪಿ ಅಂದ, ಆದರೆ ಅಂದ. ನಾಲ್ಕು ಜನ ಬಟ್ಟೆ ಹಿಡಿದು ಅವಳನ್ನು ಎತ್ತಿ ಲಾರಿಯ ತಗಡಿನ ಮೇಲೆ ಮಲಗಿಸಿದೆವು. ನನ್ನ ಕೈ ಹಿಡಿದುಕೊಂಡಿದ್ದಳು.

"ಅತ್ತಿಗೆ, ಬಾ" ಅಂದಳು.

ಮೂರು ದಿನದಲ್ಲಿ ಅವಳಾಡಿದ ಮೊದಲ ಮಾತು.

ನಾನು ಲಾರಿಗೆ ಒಂದು ಕಾಲಿಟ್ಟಿದ್ದೆ. ಆಗ ಹಿಂದಿನಿಂದ ಮೇಸ್ತ್ರಿಯ ದನಿ: "ಉಳಿದವರು ಸುಮ್ಮನೆ ನಿಂತಿರಬೇಡಿ. ಮೊದಲು ಅದನ್ನ ಬಾಚಿಬಿಡಿ. ಹತ್ತು ಗಂಟೆಗೆ ಮುಂದಿನ ತಂಡ."

ನಾನು ತಿರುಗಿ ನೋಡಿದೆ. ಅವನು ಕೈ ತೋರಿಸುತ್ತಿದ್ದುದು ನಾದಿನಿ ಮಲಗಿದ್ದ ಜಾಗಕ್ಕೆ. ಮರಳಲ್ಲಿ ಅವಳು ಪೂರ್ತಿ ಅಚ್ಚಾಗಿ ಬಿದ್ದಿದ್ದಳು. ಮೊಣಕೈಯ ಎರಡು ಕುಳಿ. ಮುಖದ ಕುಳಿ. ಎದೆ. ಹೊಟ್ಟೆಯಡಿಗಿದ್ದ ಗೋರೆಯ ಹಲ್ಲು. ಅದರ ಮೇಲೆ ಅಡ್ಡಕ್ಕೆ ಚಕ್ರದ ದಪ್ಪ ಪಟ್ಟಿ. ಮರಳು ಕೆಂಪಾಗಿತ್ತು. ಅವಳು ಅಲ್ಲಿದ್ದಳು ಅನ್ನುವುದಕ್ಕೆ ಇಡೀ ಲೋಕದಲ್ಲಿ ಇದ್ದ ಗುರುತು ಅದೊಂದೇ. ಸಾಲಿನ ಕೊನೆಯವಳು ಆಗಲೇ ಗೋರೆ ಎತ್ತಿದ್ದಳು. ತಪ್ಪು ಅವಳದಲ್ಲ. ಹೇಳಿದರು, ಎತ್ತಿದಳು. ನಾಳೆ ಕೇಳಿದರೆ ಏನಂತಾರೆ ಅಂತ ನನಗೆ ಆ ಕ್ಷಣಕ್ಕೇ ಹೊಳೆಯಿತು. ಯಾರೂ ಇರಲಿಲ್ಲ ಅಂತಾರೆ. ದಿನಾ ಅದನ್ನೇ ಹೇಳುತ್ತಾರಲ್ಲ!

ನಾನು ಲಾರಿಯಿಂದ ಕಾಲು ತೆಗೆದೆ.

ಇದನ್ನು ಹೇಗೆ ಹೇಳಲಿ. ಅವಳ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ. ನಮ್ಮಲ್ಲೆಲ್ಲ ಎತ್ತರದವಳು ಉದ್ದಕ್ಕ. ಅವಳಿಗೆ "ನೀನು ಹೋಗು. ಅವಳ ಪಕ್ಕ ಬಿಡಬೇಡ. ಎಲ್ಲೂ ಹೆಬ್ಬೆಟ್ಟು ಒತ್ತಬೇಡ" ಅಂದೆ. ಉದ್ದಕ್ಕ ಹತ್ತಿದಳು. ಲಾರಿ ಹೊರಟಿತು. ನಾದಿನಿ ತಲೆ ಎತ್ತಿ ನನ್ನನ್ನು ನೋಡಿದಳು. ಯಾಕೆ ಅಂತ ಕೇಳುವ ಹಾಗೆ. ನಾನು ಹೇಳಲಿಲ್ಲ. ಹೇಳುವಷ್ಟು ಹೊತ್ತಿರಲಿಲ್ಲ.

ಓಡಿಹೋಗಿ ಆ ಅಚ್ಚಿನ ಮುಂದೆ ನಿಂತೆ. ಗೋರೆ ಎತ್ತಿದ್ದವಳು ನನ್ನ ಮುಖ ನೋಡಿ ಇಳಿಸಿಬಿಟ್ಟಳು.

"ಪಕ್ಕಕ್ಕೆ ಬಾ" ಅಂದ ಮೇಸ್ತ್ರಿ.

"ಬರಲ್ಲ."

"ನಿನಗೆ ತಲೆ ಕೆಟ್ಟಿದೆ. ಮನೆಗೆ ಹೋಗು. ರಜೆ ಕೊಡ್ತೀನಿ."

"ಬರಲ್ಲ ಅಂದೆನಲ್ಲ."

ಅವನು ನನ್ನ ತೋಳು ಹಿಡಿದು ಎಳೆದ. ನಾನು ಗೋರೆಯನ್ನು ತಿರುಗಿಸಿ ಹಲ್ಲು ಅವನ ಕಡೆ ಮಾಡಿದೆ. "ಇನ್ನೊಂದು ಸಲ ಮುಟ್ಟು. ನಿನ್ನ ಮುಖ ಬಾಚ್ತೀನಿ" ಅಂದೆ. ಜೀವಮಾನದಲ್ಲಿ ಯಾರಿಗೂ ಹಾಗೆ ಅಂದವಳಲ್ಲ. ಅವನು ಎರಡು ಹೆಜ್ಜೆ ಹಿಂದೆ ಹೋದ. ಹಿಂದೆ ಹೋಗುವಾಗ ಅವನ ಹೆಜ್ಜೆ ಮರಳಲ್ಲಿ ಉಳಿಯಿತು.

ಅವನು ಜಾಣ. ನನ್ನನ್ನು ಬಿಟ್ಟ. ದೊಡ್ಡಮ್ಮನ ಹತ್ತಿರ ಹೋದ. ಮೆತ್ತಗೆ ಮಾತಾಡಿದ, ನಮಗೂ ಕೇಳುವ ಹಾಗೆ.

"ದೊಡ್ಡಮ್ಮ, ನೀವು ಹಿರಿಯರು. ಅರ್ಥ ಮಾಡ್ಕೊಳ್ಳಿ. ಓಡಿಸಿದವನು ನಿಮ್ಮ ಮಗ. ಈ ಗುರುತು ಉಳಿದರೆ ಮೊದಲು ಬರೋದು ಅವನ ಕುತ್ತಿಗೆಗೆ. ಕಂಪನಿಗೇನೂ ಆಗಲ್ಲ. ನೀವೇ ಬಾಚಿಬಿಡಿ. ಐದು ನಿಮಿಷದ ಕೆಲಸ."

ದೊಡ್ಡಮ್ಮ ಗೋರೆ ಎತ್ತಿಕೊಂಡು ಬಂದಳು. ಮೇಸ್ತ್ರಿಗೆ ತೋರಿಸಿದ ಗೋರೆಯನ್ನು ಅವಳಿಗೆ ತೋರಿಸಲಾರೆ. ನಾನು ಮದುವೆಯಾಗಿ ಬಂದ ದಿನ ನನ್ನನ್ನು ಒಳಗೆ ಕರೆದುಕೊಂಡವಳು ಅವಳು. ನನ್ನ ಸತ್ತ ಕೂಸನ್ನು ತೊಳೆದವಳು ಅವಳು. ಕೆಳಗೆ ಅವಳ ಮಗ ಜೀಪಿನ ಚಕ್ರಕ್ಕೆ ಬೆನ್ನು ಕೊಟ್ಟು ಕೂತಿದ್ದ. ನನ್ನನ್ನೂ ಮಗನನ್ನೂ ಅಚ್ಚನ್ನೂ ಒಟ್ಟಿಗೆ ನೋಡುವ ಹಾಗೆ ಅವಳು ಅಲ್ಲಿ ನಿಂತಳು. ಅಚ್ಚನ್ನು ನೋಡಿದಳು. ಮುಖದ ಕುಳಿಯನ್ನು ನೋಡಿದಳು. ಅದರಲ್ಲಿ ಮೂಗು ಕೂಡ ಕಾಣುತ್ತಿತ್ತು.

"ಗಾಳಿ ಬರುತ್ತೆ" ಅಂದಳು.

ಏನು ಹೇಳುತ್ತಿದ್ದಾಳೆ ಅಂತ ನನಗೆ ತಿಳಿಯಲಿಲ್ಲ.

"ಹನ್ನೊಂದಕ್ಕೆಲ್ಲ ಗಾಳಿ ಏಳುತ್ತೆ ಕಣೆ. ನೀನೊಬ್ಬಳು ನಿಂತರೆ ಏನೂ ಉಳಿಯಲ್ಲ. ಗಾಳಿ ಬಾಚಿಬಿಡುತ್ತೆ."

ಮೈಮೇಲಿನ ನಿಲುವಂಗಿ ಕಳಚಿದಳು. ಅಚ್ಚಿನ ಪಡುವಣ ಮಗ್ಗುಲಿಗೆ, ಗಾಳಿ ಬರುವ ಕಡೆ, ತನ್ನ ಗೋರೆ ಊರಿದಳು. ನನ್ನ ಗೋರೆ ಕಿತ್ತುಕೊಂಡು ಅದನ್ನೂ ಊರಿದಳು. ನಡುವೆ ಬಟ್ಟೆ ಕಟ್ಟಿದಳು. ಬಟ್ಟೆಯ ಬುಡಕ್ಕೆ ಮರಳು ಒತ್ತಿ, ಅದಕ್ಕೆ ಬೆನ್ನು ಕೊಟ್ಟು ಕೂತಳು. ಒಬ್ಬೊಬ್ಬರೇ ಬಂದರು. ಮೊದಲು ಗೋರೆ ಎತ್ತಿದ್ದವಳೇ ಎರಡನೆಯವಳಾಗಿ ಬಂದು ಕೂತಳು. ಒಂಬತ್ತು ಜನ ಕೂತೆವು. ಅಚ್ಚಿನ ಸುತ್ತ, ಭುಜಕ್ಕೆ ಭುಜ ಒತ್ತಿ.

ಮ್ಯಾನೇಜರು ಬಂದ. ಅವನನ್ನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಕಾಲಿಗೆ ಬಿಳಿ ಬೂಟು ಹಾಕಿದ್ದ. ಮೊದಲು ಸಮಾಧಾನ ಹೇಳಿದ. ಆಮೇಲೆ ಕೆಲಸದಿಂದ ತೆಗೀತೀನಿ ಅಂದ. ಆಮೇಲೆ ಸುಮ್ಮನೆ ಬೈದ. ಅಷ್ಟರಲ್ಲಿ ಹತ್ತರ ತಂಡ ಬಂತು. ದೂರದಲ್ಲಿ ಧೂಳು ಕಂಡಿತು. ಮ್ಯಾನೇಜರು ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ಸೀಟಿ ಊದಿದ.

ಒಂದು ಸೀಟಿ.

ನನ್ನ ಬೆನ್ನು ತಾನಾಗಿಯೇ ಬಗ್ಗಿತು. ಸುಳ್ಳು ಹೇಳಲಾರೆ. ಪಕ್ಕದವಳ ಭುಜವೂ ಕೆಳಗೆ ಸರಿದದ್ದು ನನ್ನ ಭುಜಕ್ಕೆ ತಿಳಿಯಿತು. ಮೈ ನಾಯಿಯ ಹಾಗೆ, ಕಲಿಸಿದ್ದನ್ನು ಮಾಡುತ್ತದೆ. ದೊಡ್ಡಮ್ಮ ಎರಡೂ ಕಡೆ ಕೈ ಚಾಚಿ ನಮ್ಮ ತೊಡೆಗಳನ್ನು ಒತ್ತಿ ಹಿಡಿದಳು. "ಕೂತ್ಕೊಳ್ಳಿ" ಅಂದಳು. ಮೇಸ್ತ್ರಿ ಮತ್ತೆ ಊದಿದ. ಮತ್ತೆ ಊದಿದ. ಉಗುಳು ಸಿಡಿಯುವ ಹಾಗೆ ಊದಿದ. ನಾವು ಕೂತೇ ಇದ್ದೆವು.

ಜೀಪುಗಳು ನಿಂತವು. ಜನ ಇಳಿದರು. ನಮ್ಮನ್ನು ನೋಡಿದರು. ಕೆಲವರು ಫೋಟೋ ತೆಗೆದರು. ಒಬ್ಬಳು ಹೆಂಗಸು ಹತ್ತಿರ ಬಂದು, ನಮ್ಮ ನಡುವೆ ಬಗ್ಗಿ ನೋಡಿ, ಬಾಯಿ ಮುಚ್ಚಿಕೊಂಡು ಹಿಂದೆ ಹೋದಳು. "ಇದೇನು?" ಅಂತ ಮ್ಯಾನೇಜರನ್ನು ಕೇಳಿದಳು. "ಸ್ಥಳೀಯರ ಏನೋ ಗಲಾಟೆ" ಅಂದ. ಅವರನ್ನೆಲ್ಲ ಬೇರೆ ದಾರಿಯಲ್ಲಿ ದಂಡೆಗೆ ಕಳಿಸಿದ. ಆ ದಾರಿ ಬಾಚಿರಲಿಲ್ಲ.

ಹನ್ನೊಂದಕ್ಕೆ ಗಾಳಿ ಎದ್ದಿತು. ಬೆನ್ನಿಗೆ ಮರಳು ಸೂಜಿಯ ಹಾಗೆ ಚುಚ್ಚುತ್ತಿತ್ತು. ಕಿವಿಯಲ್ಲಿ ಮರಳು, ಹಲ್ಲಲ್ಲಿ ಮರಳು. ನೀರಿನ ಬಾಟಲಿ ಕೊಡಬೇಡ ಅಂತ ಮೇಸ್ತ್ರಿಗೆ ಹೇಳಿದ್ದರು. ಒಬ್ಬಳು ತಲೆ ಸುತ್ತಿ ಬಿದ್ದಳು, ಅವಳನ್ನು ತೊಡೆಯ ಮೇಲೆ ಹಾಕಿಕೊಂಡೆವು. ಯಾರೋ ಉಚ್ಚೆ ಬಂತು ಅಂದಳು. "ಕೂತಲ್ಲೇ ಹೊಯ್ಯಿ. ಯಾರೂ ಇಲ್ಲದ ಜಾಗ ತಾನೇ" ಅಂದಳು ದೊಡ್ಡಮ್ಮ. ನಾವು ನಗಲಿಲ್ಲ. ಅಚ್ಚಿನ ಅಂಚು ಅಲ್ಲಲ್ಲಿ ಉದುರುತ್ತಿತ್ತು. ಬೆರಳಿಗೆ ಎಂಜಲು ಹಚ್ಚಿಕೊಂಡು ಒತ್ತಿ ನಿಲ್ಲಿಸುತ್ತಿದ್ದೆವು. ಬಾಯಲ್ಲಿ ಎಂಜಲೂ ಮುಗಿಯಿತು.

ಮೂರು ಗಂಟೆಗೆ ಉದ್ದಕ್ಕ ಬಂದಳು. ಜೊತೆಗೆ ಒಬ್ಬ ಪೊಲೀಸ್ ಅಧಿಕಾರಿ, ಕ್ಯಾಮೆರಾ ಹಿಡಿದ ಇನ್ನೊಬ್ಬ. ದೂರದಿಂದ ಅವಳ ನಡಿಗೆ ನೋಡಿದಾಗಲೇ ನನಗೆ ತಿಳಿದುಹೋಯಿತು.

"ಗೇಟಿನ ಹತ್ತಿರ ಹೋಯ್ತು ಜೀವ" ಅಂದಳು ಉದ್ದಕ್ಕ. "ದಾರಿ ಒಂದೇ ಅಲ್ವಾ. ಹತ್ತರ ತಂಡದ ಬಸ್ಸು ಒಳಗೆ ಬರ್ತಿತ್ತು, ಅವರ ಜೀಪು ಸಾಲಾಗಿ ಬರ್ತಿತ್ತು. ಲಾರಿನ ಪಕ್ಕಕ್ಕೆ ನಿಲ್ಲಿಸಿಬಿಟ್ಟ ಕಾವಲುಗಾರ. ಮುಕ್ಕಾಲು ಗಂಟೆ. ನಾನು ಇಳಿದು ಕಾಲು ಹಿಡಿದೆ. ಬಿಡಲಿಲ್ಲ."

"ಏನಾದರೂ ಅಂದಳಾ?"

ಉದ್ದಕ್ಕ ಮುಖ ತಿರುಗಿಸಿದಳು. "ಅತ್ತಿಗೆ ಬಂದಳಾ ಅಂತ ಕೇಳಿದಳು. ಎರಡು ಸಲ."

ಆಸ್ಪತ್ರೆಯಲ್ಲಿ ಕಂಪನಿಯವನೊಬ್ಬ ಆಗಲೇ ಚೀಟಿ ಬರೆಸಿಟ್ಟಿದ್ದನಂತೆ. ಮನೆಯ ಮಾಳಿಗೆಯಿಂದ ಬಿದ್ದು ಸತ್ತಳು ಅಂತ. ಉದ್ದಕ್ಕನ ಹೆಬ್ಬೆಟ್ಟು ಕೇಳಿದನಂತೆ. ನಮ್ಮ ಮನೆಗೆ ಮಾಳಿಗೆಯೇ ಇಲ್ಲ. ತಗಡಿನ ಮಾಡು, ಕೈ ಎತ್ತಿದರೆ ತಾಗುತ್ತದೆ. ಉದ್ದಕ್ಕ ಒಳಗೆ ಬಂದರೆ ತಲೆ ತಗ್ಗಿಸಿಯೇ ಬರಬೇಕು. ಅವಳು ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡು ನೇರವಾಗಿ ಠಾಣೆಗೆ ಹೋಗಿದ್ದಳು. ಅಲ್ಲೇ ಮೂರು ಗಂಟೆ ಹೊತ್ತು ಬಾಗಿಲಲ್ಲಿ ನಿಂತಿದ್ದಳು.

ಅಧಿಕಾರಿ ಅಚ್ಚನ್ನು ನೋಡಿದ. ಟೇಪು ಹಿಡಿದು ಅಳೆಸಿದ. ಫೋಟೋ ತೆಗೆಸಿದ. ಆಮೇಲೆ "ಯಾರು ಓಡಿಸಿದ್ದು?" ಅಂತ ಕೇಳಿದ. ದೊಡ್ಡಮ್ಮನೇ ಕೈ ತೋರಿಸಿದಳು. ಸ್ಟೇರಿಂಗು ಬೆಳಗಿನಿಂದ ಕೂತಲ್ಲೇ ಕೂತಿದ್ದ. ಅವನನ್ನು ಕರೆದುಕೊಂಡು ಹೋದರು. ನಾವು ಎದ್ದೆವು. ಎದ್ದ ತಕ್ಷಣ ಗಾಳಿ ಒಳಗೆ ನುಗ್ಗಿತು. ನಾನು ನೋಡುತ್ತಿದ್ದ ಹಾಗೇ ಮೊದಲು ಮುಖ ಹೋಯಿತು.

ವಿಚಾರಣೆ ನಡೆದದ್ದು ಒಂದೂವರೆ ತಿಂಗಳ ಮೇಲೆ. ಪೇಟೆಯ ಒಂದು ಕಚೇರಿ. ಮೇಲೆ ತಿರುಗುವ ಫ್ಯಾನು, ಕೆಳಗೆ ಅಲ್ಲಾಡುವ ಬೆಂಚು. ಮೇಜಿನ ಹಿಂದೆ ವಿಚಾರಣೆಯ ಅಧಿಕಾರಿ. ಪಕ್ಕದಲ್ಲಿ ಹೇಳಿದ್ದನ್ನು ಬರೆದುಕೊಳ್ಳುವ ಗುಮಾಸ್ತ. ಕಂಪನಿಯ ಕಡೆ ಒಬ್ಬ ವಕೀಲ. ನಮ್ಮ ಕಡೆ ನಾವೇ. ಇಬ್ಬರು ಪೊಲೀಸರ ನಡುವೆ ಸ್ಟೇರಿಂಗು.

ಮೊದಲು ಅಲ್ಲಿ ಯಾರೂ ಇರಲಿಲ್ಲ ಅಂತ ಕಂಪನಿಯವರು ಹೇಳಿದ್ದರು. ಫೋಟೋ ನೋಡಿದ ಮೇಲೆ ಮಾತು ಬದಲಾಯಿಸಿದ್ದರು. ವಕೀಲ ನನ್ನನ್ನು ಎಬ್ಬಿಸಿ ನಿಲ್ಲಿಸಿದ. ಬಹಳ ಮರ್ಯಾದೆಯಿಂದ ಮಾತಾಡಿದ.

"ನೋಡಿಮ್ಮ, ಆ ಹೊತ್ತಲ್ಲಿ ನಿಮ್ಮ ನಾದಿನಿ ಏನು ಮಾಡ್ತಿದ್ದರು?"

"ಮಲಗಿದ್ದಳು."

"ಎಷ್ಟು ಗಂಟೆ ಆಗ?"

"ಎಂಟೂಕಾಲು ಇರಬಹುದು."

"ಕೆಲಸದ ಹೊತ್ತು ಅಲ್ವಾ ಅದು?"

"ಹೌದು."

"ಬರ್ಕೊಳ್ಳಿ. ಕೆಲಸದ ಹೊತ್ತಿನಲ್ಲಿ, ವಾಹನ ಓಡಾಡುವ ಜಾಗದಲ್ಲಿ ಮಲಗಿದ್ದರು."

ಗುಮಾಸ್ತ ಬರೆದುಕೊಂಡ. ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ನಾನು ಹೇಳಿದ್ದೇ ಮಾತು. ನನ್ನ ಬಾಯಿಂದಲೇ ಬಂದದ್ದು. ಅದು ಆ ಕಾಗದದ ಮೇಲೆ ಹೋಗಿ ಬೇರೆಯಾಗಿ ಕೂತಿತ್ತು. ನಿದ್ದೆ ಮಾಡುತ್ತಿದ್ದಳು. ಕೆಲಸಗಳ್ಳಿ. ಚಕ್ರದಡಿಗೆ ತಾನೇ ಹೋಗಿ ಬಿದ್ದವಳು. "ಹಾಗಲ್ಲ ಸಾರ್, ಹಾಗಲ್ಲ" ಅಂದೆ. "ಹಾಗಾದರೆ ಮಲಗಿರಲಿಲ್ವಾ?" ಅಂದ ವಕೀಲ. ಮಲಗಿದ್ದಳಲ್ಲ!

ದೊಡ್ಡಮ್ಮ ಎದ್ದು ನಿಂತಳು. ಅವಳನ್ನು ಯಾರೂ ಕರೆದಿರಲಿಲ್ಲ. ಹಿಂದಿನ ದಿನ ವಕೀಲ ಅವಳ ಮನೆಗೆ ಹೋಗಿದ್ದನೆಂದು ನಮಗೆಲ್ಲ ಗೊತ್ತಿತ್ತು. ಸತ್ತವಳದೇ ತಪ್ಪು ಅಂತ ಆದರೆ ನಿನ್ನ ಮಗ ನಾಳೆಯೇ ಮನೆಗೆ ಬರ್ತಾನೆ, ನೀನು ಸುಮ್ಮನಿದ್ದರೆ ಸಾಕು ಅಂದಿದ್ದನಂತೆ. ಅವಳು ನಮಗೆ ಆ ಮಾತು ಹೇಳಿದ್ದಳು. ತಾನೇನು ಮಾಡುತ್ತೇನೆ ಅನ್ನುವುದನ್ನು ಹೇಳಿರಲಿಲ್ಲ.

"ಮಲಗಿರಲಿಲ್ಲ" ಅಂದಳು ದೊಡ್ಡಮ್ಮ. "ಮಲಗಿಸಿದ್ದರು."

ಗುಮಾಸ್ತ ತಲೆ ಎತ್ತಿ ಅವಳನ್ನು ನೋಡಿದ.

"ಅಮ್ಮ, ನಿಮ್ಮ ಸರದಿ ಇನ್ನೂ..." ಅಂದ ವಕೀಲ.

"ನನ್ನನ್ನೂ ಮಲಗಿಸಿದ್ದರು. ಹನ್ನೊಂದು ಜನಾನೂ ಮಲಗಿಸಿದ್ದರು. ದಿನಕ್ಕೆ ನಾಲ್ಕು ಸಲ. ಸೀಟಿ ಊದಿ ಮಲಗಿಸ್ತಿದ್ದರು, ಸೀಟಿ ಊದಿ ಎಬ್ಬಿಸ್ತಿದ್ದರು. ಆವತ್ತು ಎಬ್ಬಿಸಲಿಲ್ಲ." ಅವಳು ಮಗನ ಕಡೆ ತಿರುಗಿದಳು. "ಇಗೋ, ಇವನು ನನ್ನ ಮಗ. ಇವನಿಗೆ ಗೊತ್ತು. ದಿಣ್ಣೆಯ ಆಚೆ ಹೆತ್ತವಳು ಮೂತಿ ಕೆಳಗೆ ಹಾಕಿ ಬಿದ್ದಿದ್ದಾಳೆ ಅಂತ ಗೊತ್ತಿದ್ದೂ, ಈಚೆ ನಿಂತು ಇಲ್ಲಿ ಒಂದು ನರಪಿಳ್ಳೆ ಇಲ್ಲ ಅಂತ ಹೇಳ್ತಿದ್ದ. ನಾನು ಕೇಳಿಸ್ಕೊಳ್ತಿದ್ದೆ. ಹಾಗೆ ಹೇಳೋದಕ್ಕೆ ಇವರು ಕಲಿಸಿದ್ದರು. ಸುಮ್ಮನಿರೋದಕ್ಕೆ ನಮಗೂ ಕಲಿಸಿದ್ದರು. ಯಾರೂ ಇಲ್ಲ ಯಾರೂ ಇಲ್ಲ ಅಂತ ಹೇಳಿ ಹೇಳಿ, ಕೊನೆಗೆ ಅವನಿಗೂ ಯಾರೂ ಕಾಣಲಿಲ್ಲ."

ಅಧಿಕಾರಿ ಸ್ಟೇರಿಂಗಿನ ಕಡೆ ನೋಡಿ, "ನಿಜಾನಾ?" ಅಂದ.

ಅವನು ತಲೆ ಎತ್ತದೆಯೇ, "ಬಾಚುವವರಿದ್ದಾರೆ ಅಂತ ರೇಡಿಯೋದಲ್ಲಿ ಹೇಳಿದ್ದೆ ಸಾರ್. ಹಾರಿಸು ಅಂದರು" ಅಂದ. ಆಮೇಲೆ, "ಹಾರಿಸಿದ್ದು ನಾನೇ" ಅಂದ.

ಗುಮಾಸ್ತ ಬರೆದದ್ದನ್ನು ಹೊಡೆದುಹಾಕಿದ. ಮತ್ತೆ ಬರೆದ. ಅಧಿಕಾರಿ ಅದನ್ನು ಗಟ್ಟಿಯಾಗಿ ಓದಿಸಿದ: ಕೆಲಸದ ಹೊತ್ತಿನಲ್ಲಿ, ಕೆಲಸದ ಭಾಗವಾಗಿ, ಮೇಸ್ತ್ರಿಯ ಆಜ್ಞೆಯಂತೆ ಮಲಗಿಸಲಾಗಿತ್ತು.

ಅಷ್ಟೇ ನಮಗೆ ಸಿಕ್ಕಿದ್ದು. ಅದರಿಂದ ಏನಾಯಿತು ಅಂತ ಕೇಳುವವರಿಗೆ ಹೇಳಿಬಿಡುತ್ತೇನೆ. ಸತ್ತವಳು ಕಂಪನಿಯ ಆಳು ಅಂತ ಒಪ್ಪಿಕೊಂಡರು. ಅವಳ ಮಗಳಿಗೆ ಸಿಗಬೇಕಾದ್ದು ಸಿಕ್ಕಿತು. ಮ್ಯಾನೇಜರು ಬೇರೆ ಊರಿಗೆ ಹೋದ. ಮೇಸ್ತ್ರಿ ಅಲ್ಲೇ ಇದ್ದಾನೆ. ನಾಲ್ಕು ತಿಂಗಳು ಮುಚ್ಚಿದ್ದ ಗೇಟು ಇನ್ನೊಂದು ಹೆಸರು ಬರೆಸಿಕೊಂಡು ತೆರೆಯಿತು. ಜೀಪುಗಳು ಓಡುತ್ತವೆ. ಈಗ ಮರಳು ಬಾಚಲು ಯಂತ್ರ ತಂದಿದ್ದಾರೆ. ನಮಗೆ ಕೆಲಸವಿಲ್ಲ. ಬೇಲಿಯ ಕೆಳಗೆ ನುಸುಳಿ ಚಿಪ್ಪು ಆರಿಸಲು ಹೋಗುತ್ತೇವೆ, ಹಿಡಿದರೆ ಬೈಸಿಕೊಳ್ಳುತ್ತೇವೆ. ಸ್ಟೇರಿಂಗಿಗೆ ಎರಡು ವರ್ಷ ಶಿಕ್ಷೆಯಾಯಿತು. ಬೇರೆ ಯಾರಿಗೂ ಒಂದು ದಿನವೂ ಆಗಲಿಲ್ಲ. ನನ್ನ ನಾದಿನಿಯ ಮಗಳು ಒಂದು ದಿನ "ಅಮ್ಮ ಕರೆದರೂ ನೀನು ಯಾಕೆ ಹೋಗಲಿಲ್ಲ?" ಅಂತ ಕೇಳಿದಳು. ಯಾರೋ ಹೇಳಿದ್ದಾರೆ. ಇದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳು. ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ. ನಾನೇ ಇನ್ನೂ ಒಪ್ಪಿಲ್ಲ.

ಆದರೆ ನಾನು ಹೇಳಬೇಕೆಂದಿದ್ದು ಆ ದಿನದ್ದು, ಕಚೇರಿಯ ಹೊರಗಿನದ್ದು. ವಿಚಾರಣೆ ಮುಗಿದ ಮೇಲೆ ಮೊಗಸಾಲೆಯಲ್ಲಿ ಪೊಲೀಸರು ಸ್ಟೇರಿಂಗನ್ನು ನಮ್ಮ ಮುಂದೆಯೇ ಕರೆದುಕೊಂಡು ಬಂದರು. ಅವನು ತಾಯಿಯ ಎದುರು ನಿಂತ. ಪೊಲೀಸನೂ ಒಂದು ಗಳಿಗೆ ಬಿಟ್ಟ.

"ನೀನು ಒಂದು ಮಾತು ಆಡದೆ ಸುಮ್ಮನಿದ್ದಿದ್ದರೆ ನಾನು ಮನೆಗೆ ಬರ್ತಿದ್ದೆ ಅಮ್ಮ" ಅಂದ. ಸಿಟ್ಟಿರಲಿಲ್ಲ. ಮಗುವಿನ ಹಾಗೆ ಕೇಳಿದ.

"ಬರ್ತಿದ್ದೆ. ಬಂದು ಮತ್ತೆ ಜೀಪು ಹತ್ತುತ್ತಿದ್ದೆ" ಅಂದಳು. "ಹೊಟ್ಟೆಗೆ ಸರಿಯಾಗಿ ಹಾಕ್ತಾರಾ ಒಳಗೆ?"

"ಹಾಕ್ತಾರೆ."

"ಸೊರಗಿದ್ದೀಯಾ."

ಅವನು ಅತ್ತ. ಅವಳು ಅವನ ಕೆನ್ನೆಯನ್ನು ಅಂಗೈಯಿಂದ ಒಂದೇ ಸಲ ಒರೆಸಿದಳು. ಪೊಲೀಸರು ಕರೆದುಕೊಂಡು ಹೋದರು. ಅವನು ತಿರುವಿನಲ್ಲಿ ಮರೆಯಾಗುವವರೆಗೂ ದೊಡ್ಡಮ್ಮ ನೋಡಿದಳು. ಆಮೇಲೆ ಮೆಟ್ಟಿಲಿಳಿಯಲು ಕಾಲಿಟ್ಟಳು. ಎರಡನೇ ಮೆಟ್ಟಿಲಲ್ಲೇ ಮಂಡಿ ಕುಸಿಯಿತು. ನಾನು ಓಡಿಹೋಗಿ ರಟ್ಟೆ ಹಿಡಿದೆ. ಸ್ವಲ್ಪ ಹೊತ್ತು ಕೂತ್ಕೋ ದೊಡ್ಡಮ್ಮ, ಇಲ್ಲೇ ಒರಗಿಕೋ ಅಂದೆ.

ಅವಳು ನನ್ನ ಕೈ ಕಿತ್ತುಹಾಕಿದಳು. ಗೋಡೆ ಹಿಡಿದಳು.

"ಬಿಡು" ಅಂದಳು. "ನಿಂತ್ಕೋತೀನಿ."